ಬೆರಳಿಗೂ ಬೆಳಕಿಗೂ ನಡುವೆ

ಕಾಲವನ್ನು ಅಳೆಯಲು ನಾವು ಬಳಸುವ ಮಾತುಗಳಲ್ಲಿ ‘ನಿಮಿಷ’ ಎಂಬುದು ಬಲು ಸೊಗಸಾದದ್ದು. ಗಡಿಯಾರದ ದೊಡ್ಡ ಮುಳ್ಳು ಒಂದು ಗೆರೆಯಿಂದ ಮತ್ತೊಂದಕ್ಕೆ ಸರಿಯುವ ಅರುವತ್ತು ಸೆಕೆಂಡುಗಳಿಗೆ ಇಂದು ಆ ಹೆಸರು ನಿಂತುಹೋಗಿದ್ದರೂ ಮೂಲದಲ್ಲಿ ಅದು ಕಣ್ಣೆವೆ ಒಮ್ಮೆ ಮುಚ್ಚುವಷ್ಟು ಹೊತ್ತು. ಛಂದಸ್ಸಿನವರೂ ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವ ಕಾಲವನ್ನು, ಅಂದರೆ ಒಂದು ಮಾತ್ರೆಯನ್ನು, ಎವೆಯಿಕ್ಕುವ ಕಾಲಕ್ಕೆ ಸಮನೆಂದು ಹೇಳುವುದುಂಟು. ಎವೆಯಿಕ್ಕದವರು ದೇವತೆಗಳು, ಆದುದರಿಂದಲೇ ಅವರಿಗೆ ಅನಿಮಿಷರೆಂದು ಹೆಸರು. ದಮಯಂತಿಯ ಸ್ವಯಂವರದಲ್ಲಿ ನಳನ ರೂಪವನ್ನೇ ತಾಳಿ ಕುಳಿತಿದ್ದ ದೇವತೆಗಳ ನಡುವೆ ಆಕೆ ನಿಜವಾದ ನಳನನ್ನು ಗುರುತಿಸಿದ ಕುರುಹುಗಳಲ್ಲಿ ಇದೂ ಒಂದು: ಅವನ ರೆಪ್ಪೆ ಬಡಿಯುತ್ತಿತ್ತು. ಮನುಷ್ಯನ ಕಣ್ಣು ಮುಚ್ಚುತ್ತದೆ, ತೆರೆಯುತ್ತದೆ. ಆ ನಡುವೆ ಲೋಕ ಒಂದಿಷ್ಟು ಮುಂದಕ್ಕೆ ಹೋಗಿರುತ್ತದೆ.

ಕ್ಯಾಮರಾಕ್ಕೂ ಇಂಥದೊಂದು ರೆಪ್ಪೆಯುಂಟು. ಅದನ್ನು ಶಟರ್ ಎನ್ನುತ್ತಾರೆ. ನಮ್ಮ ಕಣ್ಣು ಸದಾ ತೆರೆದಿದ್ದು ಎವೆಯಿಕ್ಕುವಾಗ ಮಾತ್ರ ಮುಚ್ಚಿದರೆ, ಕ್ಯಾಮರಾದ ಕಣ್ಣು ಸದಾ ಮುಚ್ಚಿದ್ದು ಒಂದು ಗಳಿಗೆ ಮಾತ್ರ ತೆರೆಯುತ್ತದೆ. ಗುಂಡಿ ಒತ್ತಿದೊಡನೆ ಅದು ತೆರೆಯಿತೆಂದು ನಾವು ನಂಬುತ್ತೇವೆ. ವಾಸ್ತವವಾಗಿ ಒತ್ತಿದ ಬೆರಳಿಗೂ ಒಳಹೋಗುವ ಬೆಳಕಿಗೂ ನಡುವೆ ಒಂದು ಸಂದು ಇದ್ದೇ ಇರುತ್ತದೆ. ಗುಂಡಿಯ ಕೆಳಗಿನ ಸನ್ನೆ ಹೊರಳಬೇಕು, ಕೊಂಡಿ ಕಳಚಬೇಕು, ಸ್ಪ್ರಿಂಗು ಬಿಚ್ಚಿಕೊಳ್ಳಬೇಕು, ಪರದೆ ಓಡಬೇಕು. ಇದು ಯಂತ್ರದ ವಿಳಂಬ. ಇದಕ್ಕೂ ಹಿಂದೆ ಇನ್ನೊಂದು ವಿಳಂಬ ಅಡಗಿದೆ, ಅದು ಮನುಷ್ಯನದು. ಕಣ್ಣು ಕಂಡದ್ದು ಮಿದುಳಿಗೆ ಮುಟ್ಟಿ, ಮಿದುಳಿನ ಅಪ್ಪಣೆ ಬೆರಳಿಗೆ ಇಳಿಯುವ ಹೊತ್ತಿಗೆ ಸೆಕೆಂಡಿನ ಐದನೆಯ ಒಂದು ಪಾಲು ಕಳೆದಿರುತ್ತದೆ. ಎರಡೂ ಸೇರಿ ಕಾಲು ಸೆಕೆಂಡಾಯಿತೆನ್ನಿ. ಅಷ್ಟರಲ್ಲಿ ನೂರು ಮೀಟರನ್ನು ಹತ್ತು ಸೆಕೆಂಡಿನಲ್ಲಿ ಮುಟ್ಟುವ ಓಟಗಾರ ಎರಡೂವರೆ ಮೀಟರು ದಾಟಿಹೋಗಿರುತ್ತಾನೆ.

ಹಾಗಾದರೆ ನಾವು ದಿನವೂ ಪತ್ರಿಕೆಗಳಲ್ಲಿ ಕಾಣುವ, ಹಾರಿದವನು ಹಾರಿದಂತೆಯೇ, ನಕ್ಕವನು ನಕ್ಕಂತೆಯೇ ನಿಂತಿರುವ ಚಿತ್ರಗಳು ಎಲ್ಲಿಂದ ಬಂದವು? ಲೆಕ್ಕದ ಪ್ರಕಾರ ಅವೆಲ್ಲವೂ ತಡವಾಗಿರಬೇಕಾಗಿತ್ತು. ಈ ಪ್ರಶ್ನೆಗೆ ಉತ್ತರ ಕ್ಯಾಮರಾದ ಚರಿತ್ರೆಯೊಂದರಲ್ಲಿಯೇ ಸಿಕ್ಕುವುದಿಲ್ಲ. ಕ್ಯಾಮರಾ ಹುಟ್ಟುವುದಕ್ಕೆ ನಾಲ್ಕು ದಶಕಗಳಿಗೂ ಮುಂಚೆ, ನಕ್ಷತ್ರ ನೋಡುವ ಒಬ್ಬ ಬಡ ಸಹಾಯಕನ ಕೆಲಸ ಹೋದ ಕಥೆಯಿಂದ ಅದನ್ನು ಆರಂಭಿಸಬೇಕಾಗುತ್ತದೆ.

*

ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೆವಿಲ್ ಮ್ಯಾಸ್ಕೆಲಿನ್ ಎಂಬವನು ರಾಜಖಗೋಳಜ್ಞನಾಗಿದ್ದ. ಅವನ ಕೈಕೆಳಗೆ ಡೇವಿಡ್ ಕಿನ್ನೆಬ್ರೂಕ್ ಎಂಬ ತರುಣ ಸಹಾಯಕ. ಕೆಲಸ ಹೇಳುವುದಕ್ಕೆ ಸುಲಭ. ದೂರದರ್ಶಕದ ಕಣ್ಣುಗಾಜಿನ ಬಳಿ ನೆಟ್ಟಗೆ ಕಟ್ಟಿದ ಸೂಕ್ಷ್ಮವಾದ ತಂತಿಗಳಿವೆ. ನಕ್ಷತ್ರ ಮೆಲ್ಲನೆ ಸರಿಯುತ್ತ ಬಂದು ತಂತಿಯನ್ನು ದಾಟುತ್ತದೆ. ಪಕ್ಕದಲ್ಲಿ ಗಡಿಯಾರ ಸೆಕೆಂಡಿಗೊಮ್ಮೆ ಟಿಕ್ಕೆನ್ನುತ್ತದೆ. ನೋಡುವವನು ಕಿವಿಯಲ್ಲಿ ಸದ್ದನ್ನು ಎಣಿಸುತ್ತ, ಕಣ್ಣಿನಲ್ಲಿ ಚುಕ್ಕಿಯನ್ನು ಹಿಂಬಾಲಿಸುತ್ತ, ತಂತಿಗೆ ಮುಂಚಿನ ಸದ್ದಿನಲ್ಲಿ ಅದು ಎಲ್ಲಿತ್ತು, ದಾಟಿದ ಮೇಲಿನ ಸದ್ದಿನಲ್ಲಿ ಎಲ್ಲಿತ್ತು ಎಂಬುದನ್ನು ಮನಸ್ಸಿನಲ್ಲಿ ಹಿಡಿದು, ಎರಡರ ನಡುವಣ ಅಂತರವನ್ನು ಹತ್ತು ಪಾಲು ಮಾಡಿ, ದಾಟಿದ ಹೊತ್ತನ್ನು ಸೆಕೆಂಡಿನ ಹತ್ತನೆಯ ಒಂದು ಅಂಶದವರೆಗೆ ಬರೆದಿಡಬೇಕು. ಕಣ್ಣಿನದೂ ಕಿವಿಯದೂ ಜುಗಲಬಂದಿ ಎನ್ನಬಹುದು.

೧೭೯೫ರ ಆಗಸ್ಟಿನ ವೇಳೆಗೆ ಮ್ಯಾಸ್ಕೆಲಿನನಿಗೆ ಒಂದು ಸಂಗತಿ ಗಮನಕ್ಕೆ ಬಂತು. ಸಹಾಯಕನು ಬರೆದ ಹೊತ್ತು ತಾನು ಬರೆದ ಹೊತ್ತಿಗಿಂತ ಅರ್ಧ ಸೆಕೆಂಡು ತಡ. ಎಚ್ಚರಿಕೆ ಹೇಳಿದ. ಕಿನ್ನೆಬ್ರೂಕನು ತಿದ್ದಿಕೊಳ್ಳಲು ಪ್ರಯತ್ನಪಟ್ಟ. ಆದರೆ ೧೭೯೬ರ ಜನವರಿಯ ಹೊತ್ತಿಗೆ ಅಂತರ ಕಡಿಮೆಯಾಗುವ ಬದಲು ಸೆಕೆಂಡಿನ ಹತ್ತರಲ್ಲಿ ಎಂಟು ಪಾಲಿಗೆ ಏರಿತು. ಇಷ್ಟು ಅಲ್ಪಕಾಲಕ್ಕೆ ಇಷ್ಟು ದೊಡ್ಡ ರಾದ್ಧಾಂತವೇ ಎಂದು ವಾಚಕರು ಕೇಳಿಯಾರು. ಅಷ್ಟು ಹೊತ್ತಿನಲ್ಲಿ ಭೂಮಧ್ಯರೇಖೆಯ ಮೇಲಿನ ಒಂದು ಬಿಂದು ಸುಮಾರು ೩೭೦ ಮೀಟರು ತಿರುಗಿರುತ್ತದೆ. ಹಡಗುಗಳು ದಿಕ್ಕು ತಪ್ಪದಿರಲು ನೆಚ್ಚಿದ್ದ ಕೋಷ್ಟಕಗಳು ಇಂಥ ವೀಕ್ಷಣೆಗಳನ್ನು ಆಧರಿಸಿದ್ದವು. ಮ್ಯಾಸ್ಕೆಲಿನ್ ನಿರ್ದಯಿಯಲ್ಲ, ಸಹಾಯಕನು ಶ್ರದ್ಧೆಯುಳ್ಳವನೆಂದೇ ಅವನು ತಿಳಿದಿದ್ದ. ಆದರೂ ಬೇರೆ ದಾರಿ ತೋರದೆ ಅವನನ್ನು ಕೆಲಸದಿಂದ ಬಿಡಿಸಿದ. ವೀಕ್ಷಣೆಗಳನ್ನು ಅಚ್ಚು ಹಾಕಿಸುವಾಗ ಆ ಕಾರಣವನ್ನೂ ಬರೆದಿಟ್ಟ.

ಆ ಬರವಣಿಗೆ ಎರಡು ದಶಕಗಳ ಬಳಿಕ ಪ್ರಷ್ಯದ ಕ್ಯೋನಿಗ್ಸ್‌ಬರ್ಗಿನಲ್ಲಿದ್ದ ಬೆಸೆಲ್ ಎಂಬ ಖಗೋಳಜ್ಞನ ಗಮನಕ್ಕೆ ಬಂತು. ಅವನ ಮನಸ್ಸಿನಲ್ಲಿ ಎದ್ದ ಅನುಮಾನವೇ ಬೇರೆ. ಆ ತರುಣ ತಪ್ಪು ಮಾಡಿದನೆಂಬುದು ಸರಿಯೆ? ಅಥವಾ ಯಾವ ಇಬ್ಬರು ಮನುಷ್ಯರ ಹೊತ್ತೂ ಒಂದೇ ಆಗಿರುವುದಿಲ್ಲವೆ? ಬೆಸೆಲ್ ತನ್ನ ವೀಕ್ಷಣೆಗಳನ್ನು ಇತರ ನುರಿತ ಖಗೋಳಜ್ಞರ ವೀಕ್ಷಣೆಗಳೊಡನೆ ಹೋಲಿಸಿನೋಡಿದ. ೧೮೨೦ರ ದಶಕದ ಆದಿಯಲ್ಲಿ ಅವನಿಗೆ ಸಿಕ್ಕ ಅಂತರಗಳು ಕಿನ್ನೆಬ್ರೂಕನದಕ್ಕಿಂತಲೂ ದೊಡ್ಡವು, ಒಂದು ಸೆಕೆಂಡಿಗೂ ಮೀರಿದವು! ಯಾರೂ ಅಜಾಗರೂಕರಲ್ಲ, ಯಾರೂ ಸೋಮಾರಿಗಳಲ್ಲ. ಒಬ್ಬೊಬ್ಬರ ದೇಹಕ್ಕೂ ಒಂದೊಂದು ವಿಳಂಬ. ಖಗೋಳಜ್ಞರು ಮುಂದೆ ಅದನ್ನು ಪ್ರತಿಯೊಬ್ಬ ವೀಕ್ಷಕನಿಗೂ ಅಳೆದು ಲೆಕ್ಕದಲ್ಲಿ ಕಳೆಯುವುದನ್ನು ರೂಢಿಗೆ ತಂದರು. ಆ ಹೊತ್ತಿಗೆ ಕಿನ್ನೆಬ್ರೂಕ್ ಬದುಕಿರಲಿಲ್ಲ. ೧೮೦೨ರಲ್ಲಿಯೇ, ಇನ್ನೂ ಮೂವತ್ತರ ಆಸುಪಾಸಿನಲ್ಲಿ, ಅವನು ತೀರಿಕೊಂಡಿದ್ದ. ಎಲ್ಲ ಮನುಷ್ಯರಿಗೂ ಸೇರಿದ ದೋಷಕ್ಕೆ ಒಬ್ಬನೇ ದಂಡ ತೆತ್ತಂತಾಯಿತು.

ದೇಹದಲ್ಲಿ ಈ ಹೊತ್ತು ಎಲ್ಲಿ ಖರ್ಚಾಗುತ್ತದೆ? ನರಗಳಲ್ಲಿ ಸುದ್ದಿ ಹರಿಯುವ ವೇಗವನ್ನು ಅಳೆಯುವುದು ಸಾಧ್ಯವೇ ಇಲ್ಲವೆಂದು ದೊಡ್ಡ ವಿದ್ವಾಂಸರೇ ತಿಳಿದಿದ್ದ ಕಾಲವದು. ೧೮೫೦ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರವೊಂದನ್ನು ಹಿಡಿದು ಅದನ್ನು ಅಳೆದೇಬಿಟ್ಟ: ಸೆಕೆಂಡಿಗೆ ಸುಮಾರು ಮೂವತ್ತು ಮೀಟರು. ಮಿಂಚಿನ ವೇಗವೆಂದುಕೊಂಡದ್ದು ರೈಲುಗಾಡಿಯ ವೇಗವಾಗಿ ಪರಿಣಮಿಸಿತು. ೧೮೬೮ರಲ್ಲಿ ಹಾಲೆಂಡಿನ ಡಾಂಡರ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಬೆಳಕು ಕಂಡೊಡನೆ ಕೈ ಆಡಿಸು ಎಂದರೆ ಹಿಡಿಯುವ ಹೊತ್ತು ಒಂದು. ಇಂಥ ಬೆಳಕಿಗೆ ಬಲಗೈ, ಅಂಥದಕ್ಕೆ ಎಡಗೈ ಎಂದರೆ ಹಿಡಿಯುವ ಹೊತ್ತು ಅದಕ್ಕಿಂತ ಹೆಚ್ಚು. ಆಯ್ಕೆ ಮಾಡುವುದಕ್ಕೂ ಕಾಲ ಬೇಕು ಎಂಬುದು ಇದರ ತಾತ್ಪರ್ಯ. ಚಿತ್ರ ತೆಗೆಯುವವನ ಪಾಡು ಈ ಎರಡನೆಯದು. ಅವನು ಬರಿದೆ ಬೆಳಕಿಗೆ ಕಾದವನಲ್ಲ, ಬೇಕಾದ ಬೆಳಕಿಗೆ ಕಾದವನು.

*

ಕ್ಯಾಮರಾ ತನ್ನ ಬಾಲ್ಯದಲ್ಲಿ ಈ ತಂಟೆಯನ್ನೇ ಅರಿಯದು. ೧೮೩೮ರಲ್ಲಿ ಫ್ರಾನ್ಸಿನ ಡಗೇರ್ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯ ಚಿತ್ರವನ್ನು ಎತ್ತರದ ಕಿಟಕಿಯಿಂದ ತೆಗೆದ. ಬೆಳಕು ತಗಡಿನ ಮೇಲೆ ಬೀಳಲು ಹಲವು ನಿಮಿಷಗಳೇ ಬೇಕಾಗಿದ್ದವು. ಆ ಹೊತ್ತಿನಲ್ಲಿ ಬೀದಿಯಲ್ಲಿ ಹಾದುಹೋದ ಗಾಡಿ, ಕುದುರೆ, ಜನ ಯಾವುದೂ ಗುರುತು ಬಿಡಲಿಲ್ಲ. ಬೂಟು ಪಾಲಿಷ್ ಮಾಡಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದ ಒಬ್ಬ ಅನಾಮಧೇಯ ಮಾತ್ರ ಉಳಿದುಕೊಂಡ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯನೆಂದು ಅವನನ್ನು ಹೇಳುತ್ತಾರೆ. ಅಂದಿನ ಕ್ಯಾಮರಾಕ್ಕೆ ಶಟರೇ ಇರಲಿಲ್ಲ. ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, ಎಣಿಸಿ, ಮತ್ತೆ ಮುಚ್ಚಿದರೆ ಮುಗಿಯಿತು. ಎಣಿಕೆಯಲ್ಲಿ ಕಾಲು ಸೆಕೆಂಡು ಹೆಚ್ಚುಕಮ್ಮಿಯಾದರೆ ಯಾರಿಗೆ ನಷ್ಟ? ಕೂತವರ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದ ಕಾಲವದು. ನಮ್ಮ ಮನೆಗಳ ಗೋಡೆಯ ಮೇಲಿರುವ ಹಳೆಯ ಪಟಗಳಲ್ಲಿ ಹಿರಿಯರು ನಗದೆ ಬಿಗಿದು ಕುಳಿತಿರುವುದರಲ್ಲಿ ಗಾಂಭೀರ್ಯ ಎಷ್ಟೋ, ಅಲುಗಬಾರದೆಂಬ ಆ ಹಳೆಯ ಅಪ್ಪಣೆಯ ನೆನಪೂ ಅಷ್ಟೇ.

ರಾಸಾಯನಿಕರ ಜಾಣ್ಮೆ ಬೆಳೆದಂತೆ ತಗಡುಗಳು ಚುರುಕಾದವು. ೧೮೫೧ರಲ್ಲಿ ಇಂಗ್ಲೆಂಡಿನ ಟಾಲ್ಬಟ್ ವೇಗವಾಗಿ ತಿರುಗುವ ಬಿಲ್ಲೆಗೆ ದಿನಪತ್ರಿಕೆಯ ಚೂರೊಂದನ್ನು ಅಂಟಿಸಿ, ಕತ್ತಲ ಕೋಣೆಯಲ್ಲಿ ವಿದ್ಯುತ್ತಿನ ಒಂದೇ ಕಿಡಿಯ ಬೆಳಕಿನಲ್ಲಿ ಅದರ ಚಿತ್ರ ತೆಗೆದುತೋರಿಸಿದ. ೧೮೭೧ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯನು ಜೆಲಟಿನ್ ಲೇಪಿಸಿದ ಒಣ ತಗಡಿನ ವಿಧಾನವನ್ನು ಪ್ರಕಟಿಸಿದ ಮೇಲೆ ದಶಕ ತುಂಬುವುದರೊಳಗೆ ಸೆಕೆಂಡಿನ ಅಂಶಮಾತ್ರದ ಬೆಳಕು ಚಿತ್ರಕ್ಕೆ ಸಾಕಾಯಿತು. ಕೈಯಿಂದ ಮುಚ್ಚಳ ತೆಗೆದು ಹಾಕುವ ಕಾಲ ಹೋಯಿತು. ಯಾಂತ್ರಿಕವಾದ ರೆಪ್ಪೆ ಬಂತು. ರೆಪ್ಪೆ ಬಂದೊಡನೆ ಅದುವರೆಗೆ ಕಾಣದಿದ್ದ ಆ ಹಳೆಯ ವೈರಿಯೂ ಕಾಣಿಸಿಕೊಂಡ. ಕಿನ್ನೆಬ್ರೂಕನನ್ನು ಮನೆಗೆ ಕಳುಹಿಸಿದ ವಿಳಂಬ ಈಗ ಛಾಯಾಗ್ರಾಹಕನ ಬೆನ್ನು ಹತ್ತಿತು.

ಮೊದಲು ತೋಚಿದ ಉಪಾಯ ಮನುಷ್ಯನನ್ನೇ ಹೊರಗಿಡುವುದು. ಸೂರ್ಯಬಿಂಬದ ಮುಂದೆ ಶುಕ್ರಗ್ರಹ ಹಾದುಹೋಗುವುದು ಬಲು ಅಪರೂಪಕ್ಕೆ ಕೂಡಿಬರುವ ಯೋಗ. ಬಿಂಬದ ಅಂಚನ್ನು ಅದು ಮುಟ್ಟುವ ಗಳಿಗೆಯನ್ನು ಖಚಿತವಾಗಿ ಹಿಡಿದರೆ ಸೂರ್ಯನ ದೂರವನ್ನು ಲೆಕ್ಕ ಹಾಕಬಹುದು. ೧೭೬೯ರಲ್ಲಿ ಕುಕ್ ನಾವಿಕನೂ ಸಂಗಡಿಗರೂ ತಾಹಿತಿ ದ್ವೀಪದಲ್ಲಿ ಒಂದೇ ನೋಟವನ್ನು ನೋಡಿ ಬೇರೆ ಬೇರೆ ಹೊತ್ತುಗಳನ್ನು ಬರೆದಿದ್ದರು. ಕಣ್ಣನ್ನು ನಂಬಿ ಕೆಟ್ಟದ್ದು ಸಾಕೆಂದು ೧೮೭೪ರ ಸಂಕ್ರಮಣಕ್ಕೆ ಫ್ರಾನ್ಸಿನ ಜಾನ್ಸೆನ್ ಜಪಾನಿಗೆ ಒಂದು ವಿಚಿತ್ರ ಯಂತ್ರವನ್ನು ಕೊಂಡೊಯ್ದ. ರಿವಾಲ್ವರಿನಲ್ಲಿ ಗುಂಡು ಸುತ್ತುವಂತೆ ತಗಡು ಸುತ್ತುತ್ತಿತ್ತು. ೭೨ ಸೆಕೆಂಡುಗಳಲ್ಲಿ ೪೮ ಚಿತ್ರಗಳು. ಯಾವ ಚಿತ್ರದಲ್ಲಿ ಗ್ರಹ ಅಂಚನ್ನು ಮುಟ್ಟಿತೆಂಬುದನ್ನು ಆಮೇಲೆ ನಿಧಾನವಾಗಿ ನೋಡಿಕೊಳ್ಳಬಹುದು. ಗಳಿಗೆಯನ್ನು ಆಗಲೇ ಹಿಡಿಯುವ ಹೊಣೆಯಿಂದ ಮನುಷ್ಯ ಪಾರಾದ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಾಲದಲ್ಲಿ ಇದು ಮತ್ತೆ ತಿರುಗಿಬರುತ್ತದೆ.

ಇದಕ್ಕಿಂತ ಪ್ರಸಿದ್ಧವಾದದ್ದು ಅಮೆರಿಕದ ಕುದುರೆಯ ಕಥೆ. ಓಡುವ ಕುದುರೆಯ ನಾಲ್ಕು ಗೊರಸುಗಳೂ ಏಕಕಾಲದಲ್ಲಿ ನೆಲ ಬಿಡುತ್ತವೆಯೆ ಎಂಬ ವಾದ ಕುದುರೆಸಾಕಣೆಯವರಲ್ಲಿ ಹಳೆಯದು. ಕ್ಯಾಲಿಫೋರ್ನಿಯದ ರೈಲ್ವೆ ಧನಿಕ ಲೀಲೆಂಡ್ ಸ್ಟ್ಯಾನ್‌ಫರ್ಡ್ ಅದನ್ನು ಇತ್ಯರ್ಥಪಡಿಸಲು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನನ್ನು ಗೊತ್ತುಮಾಡಿದ. ಅದಕ್ಕಾಗಿ ಭಾರಿ ಪಂದ್ಯ ಕಟ್ಟಿದ್ದನೆಂಬ ಮಾತಿಗೆ ಆಧಾರವಿಲ್ಲ. ಒಂದೇ ಕ್ಯಾಮರಾ ಇಟ್ಟುಕೊಂಡು ೧೮೭೨ರಿಂದ ಮಾಡಿದ ಪ್ರಯತ್ನಗಳು ತೃಪ್ತಿ ಕೊಡಲಿಲ್ಲ. ಕೊಡುವುದಾದರೂ ಹೇಗೆ? ನಾಗಾಲೋಟದ ಕುದುರೆ, ಮನುಷ್ಯ ನೋಡಿ ಗುಂಡಿ ಒತ್ತುವಷ್ಟರಲ್ಲಿ ಹತ್ತು ಅಡಿ ಮುಂದಿರುತ್ತದೆ. ೧೮೭೮ರ ಜೂನಿನಲ್ಲಿ ಪಾಲೋ ಆಲ್ಟೋದ ಓಟದ ಹಾದಿಯ ಪಕ್ಕದಲ್ಲಿ ಮೈಬ್ರಿಜ್ ಹನ್ನೆರಡು ಕ್ಯಾಮರಾಗಳನ್ನು ೨೭ ಅಂಗುಲಕ್ಕೊಂದರಂತೆ ಸಾಲಾಗಿ ನಿಲ್ಲಿಸಿದ. ಹಾದಿಗೆ ಅಡ್ಡಲಾಗಿ ದಾರಗಳನ್ನು ಎಳೆದ. ಸ್ಯಾಲಿ ಗಾರ್ಡ್‌ನರ್ ಎಂಬ ಹೆಣ್ಣುಕುದುರೆ ಓಡುತ್ತ ದಾರವನ್ನು ತಾಗಿದಂತೆ ವಿದ್ಯುತ್ತಿನಿಂದ ಒಂದೊಂದೇ ಶಟರು ಬಿದ್ದಿತು. ಒಂದೊಂದು ಚಿತ್ರಕ್ಕೂ ಬಿದ್ದ ಬೆಳಕು ಸೆಕೆಂಡಿನ ಎರಡು ಸಾವಿರದ ಒಂದು ಪಾಲಿಗಿಂತ ಕಡಿಮೆ ಎಂದು ಅವನು ಅಚ್ಚು ಹಾಕಿಸಿದ ಪಟದ ಮೇಲೆಯೇ ಬರೆದಿದ್ದಾನೆ. ಅಂದು ಛಾಯಾಗ್ರಾಹಕನು ಯಾವ ಗುಂಡಿಯನ್ನೂ ಒತ್ತಲಿಲ್ಲ. ಕುದುರೆಯೇ ತನ್ನ ಚಿತ್ರವನ್ನು ತೆಗೆದುಕೊಂಡಿತು!

ನಾಲ್ಕು ಗೊರಸುಗಳೂ ನೆಲ ಬಿಟ್ಟದ್ದು ನಿಜವಾಗಿತ್ತು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಮುಂಗಾಲು ಮುಂದಕ್ಕೆ ಹಿಂಗಾಲು ಹಿಂದಕ್ಕೆ ಚಾಚಿದ್ದಾಗ ಅಲ್ಲ, ನಾಲ್ಕೂ ಕಾಲುಗಳು ಹೊಟ್ಟೆಯ ಕೆಳಗೆ ಮುದುಡಿಕೊಂಡಿದ್ದಾಗ. ಝೆರಿಕೋ ೧೮೨೧ರಲ್ಲಿ ಬರೆದ ಕುದುರೆಯೋಟದ ಹೆಸರಾಂತ ವರ್ಣಚಿತ್ರ ಒಂದೇ ಏಟಿಗೆ ಸುಳ್ಳಾಯಿತು. ಶಿಲ್ಪಿ ರೋಡಾನ್ ಇದನ್ನು ಒಪ್ಪಲಿಲ್ಲ. ಕಾಲ ಎಲ್ಲಿಯೂ ನಿಲ್ಲುವುದಿಲ್ಲವಾದ್ದರಿಂದ ನಿಂತ ಕಾಲವನ್ನು ತೋರಿಸುವ ಕ್ಯಾಮರಾವೇ ಸುಳ್ಳು, ಚಲನೆಯನ್ನು ಕಾಣಿಸುವ ಕಲಾವಿದನೇ ಸತ್ಯ ಎಂಬುದು ಅವನ ವಾದ. ವಾದವೇನೇ ಇರಲಿ, ಒಂದು ಮಾತು ನಿಜ. ಮೈಬ್ರಿಜನ ಕುದುರೆಗಳು ಜ್ಞಾನವನ್ನು ಕೊಟ್ಟವು. ಯಾವ ಚಿತ್ರ ಮುಖ್ಯ, ಯಾವುದು ಅಲ್ಲ ಎಂಬುದನ್ನು ಮಾತ್ರ ದಾರಕ್ಕೆ ಹೇಳಲು ಬರಲಿಲ್ಲ. ೧೮೮೨ರಲ್ಲಿ ಫ್ರಾನ್ಸಿನ ಮಾರೆ ಬಂದೂಕಿನ ಆಕಾರದ ಕ್ಯಾಮರಾವನ್ನು ಹೆಗಲಿಗೇರಿಸಿ ಹಾರುವ ಹಕ್ಕಿಗಳಿಗೆ ಗುರಿಯಿಟ್ಟು ಸೆಕೆಂಡಿಗೆ ಹನ್ನೆರಡು ಚಿತ್ರ ತೆಗೆದ. ಹಕ್ಕಿ ಸಾಯದೆ ಹಾರಿಹೋಯಿತು. ಬೇಟೆ ಮಾತ್ರ ಕೈಗೆ ಬಂತು. ಮುಂದೆ ಇದೇ ದಾರಿ ಚಲನಚಿತ್ರಕ್ಕೆ ಹೋಗಿ ಸೇರಿತು.

*

ಚಿತ್ರದ ಗಳಿಗೆ ಮತ್ತೆ ಮನುಷ್ಯನ ಕೈಗೆ ಬಂದದ್ದು ಕ್ಯಾಮರಾ ಜೇಬಿಗೆ ಹಿಡಿಸುವಷ್ಟು ಸಣ್ಣದಾದ ಮೇಲೆ. ಜರ್ಮನಿಯ ಆಸ್ಕರ್ ಬಾರ್ನಾಕ್ ರಚಿಸಿದ ಲೈಕಾ ೧೯೨೫ರಲ್ಲಿ ಮಾರುಕಟ್ಟೆಗೆ ಬಂತು. ೧೯೩೨ರಲ್ಲಿ ಅದನ್ನು ಕೊಂಡ ತರುಣರಲ್ಲಿ ಆನ್ರಿ ಕಾರ್ತಿಯೇ-ಬ್ರೆಸೋನ್ ಒಬ್ಬ. ಆ ವರ್ಷವೇ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲುನಿಲ್ದಾಣದ ಹಿಂದೆ, ಹಲಗೆಯ ಬೇಲಿಯ ಸಂದಿನಲ್ಲಿ ಮಸೂರವನ್ನು ತೂರಿಸಿ ಅವನೊಂದು ಚಿತ್ರ ತೆಗೆದ. ನಿಂತ ನೀರನ್ನು ದಾಟಲು ಹಾರಿದವನೊಬ್ಬನ ಹಿಮ್ಮಡಿ ನೀರನ್ನು ಇನ್ನೇನು ಮುಟ್ಟಬೇಕು, ಮುಟ್ಟಿಲ್ಲ. ಕೆಳಗೆ ಅವನ ನೆರಳು ಅವನನ್ನು ಎದುರುಗೊಳ್ಳುತ್ತಿದೆ. ಹಿಂದಿನ ಗೋಡೆಯ ಭಿತ್ತಿಪತ್ರದಲ್ಲಿ ಒಬ್ಬ ನರ್ತಕಿ ಅವನಂತೆಯೇ ಹಾರುತ್ತಿದ್ದಾಳೆ. ೧೯೫೨ರಲ್ಲಿ ಬಂದ ಅವನ ಪುಸ್ತಕದ ಫ್ರೆಂಚ್ ಹೆಸರಿಗೆ ಅವಸರದಲ್ಲಿ, ಕದ್ದುಮುಚ್ಚಿ ತೆಗೆದ ಚಿತ್ರಗಳೆಂಬಂಥ ಅರ್ಥವಿತ್ತು. ಇಂಗ್ಲಿಷಿನಲ್ಲಿ ಅದು ‘ನಿರ್ಣಾಯಕ ಕ್ಷಣ’ವಾಗಿ ಜಗತ್ತಿನ ಬಾಯಲ್ಲಿ ನಿಂತಿತು.

ಈ ಮಾತಿನ ಮೋಡಿಯಲ್ಲಿ ಒಂದು ತಪ್ಪು ಗ್ರಹಿಕೆ ಹುಟ್ಟಿಕೊಂಡಿದೆ. ಅಂಥ ಛಾಯಾಗ್ರಾಹಕರ ಕೈ ಮಿಂಚಿನಂತೆ ಚುರುಕು, ಕಂಡೊಡನೆ ಒತ್ತಿಬಿಡುತ್ತಾರೆ ಎಂದು ಜನ ತಿಳಿಯುತ್ತಾರೆ. ಕಂಡೊಡನೆ ಒತ್ತಿದವನಿಗೆ ಸಿಕ್ಕುವುದು ನೀರಿನಲ್ಲಿ ಕಾಲಿಟ್ಟ ಮನುಷ್ಯ ಮಾತ್ರ. ನರಗಳ ವೇಗ ಕಲಾವಿದನಿಗೂ ಕಾರಕೂನನಿಗೂ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಛಾಯಾಗ್ರಾಹಕನು ಬೇಗ ಒತ್ತುವವನಲ್ಲ, ಮೊದಲೇ ಒತ್ತುವವನು. ಅವನು ಆಗುತ್ತಿರುವುದನ್ನು ತೆಗೆಯುವುದಿಲ್ಲ, ಆಗಲಿರುವುದನ್ನು ತೆಗೆಯುತ್ತಾನೆ.

ಇದರಲ್ಲಿ ಮಂತ್ರವೇನೂ ಇಲ್ಲ. ಮೃದಂಗದವನು ಸಮದ ಪೆಟ್ಟನ್ನು ಕೇಳಿ ಕೈ ಎತ್ತಿದರೆ ತಾಳ ತಪ್ಪುತ್ತದೆ; ಸಮ ಬರುವುದಕ್ಕೆ ಮುಂಚೆಯೇ ಅವನ ಕೈ ಮೇಲೆದ್ದಿರುತ್ತದೆ. ಸಮನಾದ ಸದ್ದಿಗೆ ಬೆರಳಿನಿಂದ ತಾಳ ಹಾಕಿರೆಂದು ಸಾಮಾನ್ಯ ಜನರಿಗೆ ಹೇಳಿದರೆ ಅವರ ಬೆರಳು ಸದ್ದಿಗಿಂತ ಸೆಕೆಂಡಿನ ಕೆಲವು ನೂರನೆಯ ಪಾಲಿನಷ್ಟು ಮುಂಚಿತವಾಗಿಯೇ ಬೀಳುತ್ತದೆಂದು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಲಯ ತಿಳಿಯದಿದ್ದಾಗ ತಡವಾಗುವ ಮನುಷ್ಯನೇ ಲಯ ತಿಳಿದಾಗ ಮುಂಚಿತನಾಗುತ್ತಾನೆ! ಕಿನ್ನೆಬ್ರೂಕನಿಗೆ ಯಾರೂ ಹೇಳದೆ ಹೋದ ಸಾಂತ್ವನ ಇದು. ನಮ್ಮ ಮದುವೆಮನೆಯ ಛಾಯಾಗ್ರಾಹಕನನ್ನೇ ನೋಡಿ. ತಾಳಿಯನ್ನು ಕಂಡು ಅವನು ಕ್ಯಾಮರಾ ಎತ್ತುವುದಿಲ್ಲ. ಪುರೋಹಿತರ ‘ಗಟ್ಟಿಮೇಳ’ ಎಂಬ ಕೂಗಿಗೆ ಅವನ ಕಿವಿ ಕಾದಿರುತ್ತದೆ. ವಾದ್ಯ ಮೊಳಗಿ, ಹಿರಿಯರ ಮುಷ್ಟಿ ಮೇಲೆದ್ದಾಗ ಅವನ ಬೆರಳು ಆಗಲೇ ಇಳಿಯುತ್ತಿರುತ್ತದೆ. ಅಕ್ಷತೆ ಗಾಳಿಯಲ್ಲಿರುವಾಗ ಶಟರು ತೆರೆಯುತ್ತದೆ. ಆಟದ ಮೈದಾನದ ಛಾಯಾಗ್ರಾಹಕನದೂ ಇದೇ ಪಾಠ. ಗಂಟೆಗೆ ೧೪೦ ಕಿಲೋಮೀಟರು ವೇಗದ ಚೆಂಡು ದಾಂಡಿಗನನ್ನು ಮುಟ್ಟಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಚೆಂಡು ದಾಂಡಿಗೆ ತಗಲಿದ್ದನ್ನು ಕಂಡು ಒತ್ತಿದರೆ ಚಿತ್ರದಲ್ಲಿ ಚೆಂಡೇ ಇರದು.

ಹೀಗೆ ಮುಂದಾಗಿ ಒತ್ತಬೇಕಾದರೆ ಎಷ್ಟು ಮುಂದೆ ಎಂಬುದು ಬೆರಳಿಗೆ ತಿಳಿದಿರಬೇಕು. ಅಂದರೆ ತನ್ನ ಕ್ಯಾಮರಾದ ವಿಳಂಬ ಅದಕ್ಕೆ ಕಂಠಪಾಠವಾಗಿರಬೇಕು. ೧೯೫೪ರ ಲೈಕಾ ಎಂ-೩ರಲ್ಲಿ ಆ ವಿಳಂಬ ಸೆಕೆಂಡಿನ ಅರುವತ್ತನೆಯ ಒಂದು ಪಾಲಿನ ಸುಮಾರು. ೧೯೫೯ರ ನಿಕಾನ್ ಎಫ್ ಮೊದಲಾದ ಕನ್ನಡಿಯ ಕ್ಯಾಮರಾಗಳಲ್ಲಿ ಅದು ಹೆಚ್ಚು. ಬೆಳಕು ಫಿಲ್ಮಿಗೆ ಬೀಳುವ ಮುನ್ನ ನಡುವಿನ ಕನ್ನಡಿ ಮೇಲಕ್ಕೆ ಮಡಿಚಿಕೊಳ್ಳಬೇಕು. ಇಲ್ಲೊಂದು ಸ್ವಾರಸ್ಯವಿದೆ. ಕನ್ನಡಿ ಮೇಲೆದ್ದಾಗ ಛಾಯಾಗ್ರಾಹಕನ ಕಣ್ಣಿಗೆ ಕತ್ತಲೆ. ಅವನು ಎಲ್ಲ ಗಳಿಗೆಗಳನ್ನೂ ನೋಡುತ್ತಾನೆ, ತಾನು ತೆಗೆದ ಗಳಿಗೆಯೊಂದನ್ನು ಬಿಟ್ಟು! ಕ್ಯಾನನ್ ಸಂಸ್ಥೆ ೧೯೬೫ರಲ್ಲಿ ಅಲುಗದ, ಪಾರದರ್ಶಕವಾದ ತೆಳುಕನ್ನಡಿಯ ಕ್ಯಾಮರಾವೊಂದನ್ನು ತಂದಿತು; ಅದೇ ಉಪಾಯದಿಂದ ೧೯೯೫ರಲ್ಲಿ ವಿಳಂಬವನ್ನು ಸೆಕೆಂಡಿನ ಸಾವಿರದ ಆರು ಪಾಲಿಗೆ ಇಳಿಸಿತು. ಬೇಕೆಂದೇ ವಿಳಂಬ ಮಾಡಿಸಿದ ಪ್ರಸಂಗವೂ ಉಂಟು. ಮಿಂಚುಬಲ್ಬು ಹೊತ್ತಿಕೊಂಡು ಪೂರ್ತಿ ಉರಿಯಲು ಸೆಕೆಂಡಿನ ಐವತ್ತನೆಯ ಒಂದು ಪಾಲು ಬೇಕಾಗಿದ್ದುದರಿಂದ, ಶಟರು ಅಷ್ಟು ಹೊತ್ತು ತಡೆದು ಆಮೇಲೆ ತೆರೆಯುವಂತೆ ಯಂತ್ರಶಿಲ್ಪಿಗಳು ಏರ್ಪಾಡು ಮಾಡಿದ್ದರು. ಬೆಳಕಿಗಾಗಿ ರೆಪ್ಪೆ ಕಾಯುತ್ತಿತ್ತು.

*

ಲಯ ತಿಳಿದಿದ್ದರೆ ಮುಂಗಾಣಬಹುದು, ನಿಜ. ಆದರೆ ಲಯವೇ ಇಲ್ಲದ, ಯಾರೂ ನಿರೀಕ್ಷಿಸಲಾಗದ ಗಳಿಗೆಗಳೂ ಚರಿತ್ರೆಯಲ್ಲಿ ಬರುತ್ತವೆ. ೧೯೪೮ರ ಜನವರಿ ೩೦ರಂದು ಕಾರ್ತಿಯೇ-ಬ್ರೆಸೋನ್ ದೆಹಲಿಯಲ್ಲಿದ್ದ. ಬಿರ್ಲಾ ಭವನಕ್ಕೆ ಹೋಗಿ ಗಾಂಧೀಜಿಯವರನ್ನು ಕಂಡು, ತನ್ನ ಚಿತ್ರಗಳ ಪುಸ್ತಕವನ್ನು ತೋರಿಸಿ ಹೊರಬಂದ. ಬಹಳ ಹೊತ್ತಾಗಿರಲಿಲ್ಲ, ಗಾಂಧೀಜಿಯವರಿಗೆ ಗುಂಡೇಟು ಬಿತ್ತೆಂಬ ಸುದ್ದಿ ಹರಡಿತು. ನಿರ್ಣಾಯಕ ಕ್ಷಣದ ಒಡೆಯನೆನಿಸಿದವನು ಇಪ್ಪತ್ತನೆಯ ಶತಮಾನದ ನಮ್ಮ ಅತ್ಯಂತ ನಿರ್ಣಾಯಕವಾದ ಕ್ಷಣದಲ್ಲಿ ಅಲ್ಲಿರಲಿಲ್ಲ. ಹಿಂದಿರುಗಿ ಓಡಿದ. ಸಂಜೆಗತ್ತಲಲ್ಲಿ ಭವನದ ಬಾಗಿಲ ಬಳಿ ಎತ್ತರದಲ್ಲಿ ನಿಂತು ನೆಹರೂ ಜನಕ್ಕೆ ಆ ಸುದ್ದಿ ಹೇಳುತ್ತಿರುವ ಚಿತ್ರ ಅವನಿಗೆ ಸಿಕ್ಕಿತು. ಮಸುಕಾದ ಚಿತ್ರ, ನಿರ್ಮಲವಾದ ರೇಖೆ ಒಂದೂ ಇಲ್ಲ. ಆದರೂ ಆ ದಿನದ ದುಃಖ ಅದರಲ್ಲಿ ಇದ್ದಂತೆ ಬೇರೆಲ್ಲಿಯೂ ಇಲ್ಲವೆನಿಸುತ್ತದೆ. ತಡವಾಗಿ ಬಂದವನ ಚಿತ್ರವೂ ಸತ್ಯವನ್ನು ಹೇಳಬಲ್ಲದು.

ಅದೇ ದಿನ ಅದೇ ನಗರದಲ್ಲಿ ಹೋಮಾಯಿ ವ್ಯಾರಾವಾಲಾ ಅವರಿದ್ದರು. ಭಾರತದ ಮೊದಲ ಮಹಿಳಾ ಪತ್ರಿಕಾಛಾಯಾಗ್ರಾಹಕರೆಂದು ಹೆಸರಾದವರು. ೨೦೧೧ರಲ್ಲಿ ಪದ್ಮವಿಭೂಷಣ ಪಡೆದು ಮರುವರ್ಷ ತೀರಿಕೊಂಡರು. ಆ ಕಾಲದಲ್ಲಿ ಅವರು ಹೊತ್ತು ತಿರುಗುತ್ತಿದ್ದುದು ಸ್ಪೀಡ್ ಗ್ರಾಫಿಕ್ ಎಂಬ ಭಾರವಾದ ಕ್ಯಾಮರಾ. ಒಂದು ಚಿತ್ರವಾದೊಡನೆ ಹಾಳೆ ಬದಲಾಯಿಸಬೇಕು, ಸುಟ್ಟ ಬಲ್ಬು ಕಿತ್ತು ಹೊಸದನ್ನು ಸಿಕ್ಕಿಸಬೇಕು. ಎರಡನೆಯ ಅವಕಾಶವೆಂಬುದೇ ಇಲ್ಲದಿದ್ದುದರಿಂದ ಮೊದಲನೆಯದನ್ನೇ ಕಾಯ್ದು ಹಿಡಿಯುವ ವ್ರತ ಅವರದು. ಅಂದು ಪ್ರಾರ್ಥನಾ ಸಭೆಗೆ ಹೊರಟಿದ್ದ ಅವರು, ನಾಳೆ ಇಬ್ಬರೂ ಕೂಡಿಯೇ ಹೋಗೋಣವೆಂದು ಪತಿ ಕರೆದುದರಿಂದ ಹಿಂದಿರುಗಿದರು. ಆ ನಾಳೆ ಬರಲಿಲ್ಲ. ಅಂತ್ಯಯಾತ್ರೆಯನ್ನು ಅವರು ಚಿತ್ರಿಸಿದರು. ತಪ್ಪಿಹೋದ ಆ ಒಂದು ಗಳಿಗೆಯ ವ್ಯಥೆಯನ್ನು ಮಾತ್ರ ಇಳಿವಯಸ್ಸಿನವರೆಗೂ ಹೇಳಿಕೊಳ್ಳುತ್ತಿದ್ದರು. ಇಷ್ಟು ಜನ ನುರಿತವರಿದ್ದೂ ಗುಂಡು ಹಾರಿದ ಆ ಗಳಿಗೆ ಯಾರ ಕ್ಯಾಮರಾಕ್ಕೂ ಸಿಕ್ಕಲಿಲ್ಲ. ಮುಂಗಾಣ್ಕೆಯ ಕಲೆಗೆ ಇರುವ ಎಲ್ಲೆ ಇದು. ಬದುಕು ನಮಗೆ ಪರಿಚಿತವಾದ ದಾರಿಯಲ್ಲಿ ಬಂದರೆ ಮಾತ್ರ ಅದನ್ನು ಎದುರುಗೊಳ್ಳಬಲ್ಲೆವು.

*

ಡಿಜಿಟಲ್ ಕ್ಯಾಮರಾ ಬಂದಾಗ ಮೊದಲು ಕೈಕೊಟ್ಟದ್ದು ಈ ಕಲೆಯೇ. ೨೦೦೦ರ ಆಸುಪಾಸಿನ ಸಣ್ಣ ಡಿಜಿಟಲ್ ಕ್ಯಾಮರಾಗಳಲ್ಲಿ ಗುಂಡಿ ಒತ್ತಿದ ಮೇಲೆ ಯಂತ್ರ ಮಸೂರವನ್ನು ಹಿಂದೆಮುಂದೆ ಸರಿಸಿ ಸ್ಫುಟತೆ ನೋಡುತ್ತಿತ್ತು, ಬೆಳಕು ಅಳೆಯುತ್ತಿತ್ತು, ಬಿಂಬಫಲಕವನ್ನು ಸಿದ್ಧಪಡಿಸಿಕೊಳ್ಳುತ್ತಿತ್ತು. ಇಷ್ಟರಲ್ಲಿ ಅರ್ಧ ಸೆಕೆಂಡು, ಕೆಲವೊಮ್ಮೆ ಒಂದು ಸೆಕೆಂಡು ಆಗಿಹೋಗುತ್ತಿತ್ತು. ಮಗು ದೀಪ ಆರಿಸುವುದನ್ನು ತೆಗೆಯಹೋದವರಿಗೆ ಹೊಗೆ ಸಿಕ್ಕಿತು. ಅಕ್ಷತೆಯನ್ನು ತೆಗೆಯಹೋದವರಿಗೆ ನೆಲದ ಮೇಲಿನ ಅಕ್ಕಿ ಸಿಕ್ಕಿತು. ಗುಂಡಿಯನ್ನು ಅರ್ಧ ಒತ್ತಿ ಹಿಡಿದು ಸಿದ್ಧತೆಯನ್ನೆಲ್ಲ ಮುಗಿಸಿಕೊಂಡು, ಸಮಯ ಬಂದಾಗ ಉಳಿದರ್ಧ ಒತ್ತುವುದನ್ನು ತಿಳಿದವರು ಬಚಾವಾದರು.

ಮುಂದಿನ ತಿರುವು ಇನ್ನೂ ವಿಚಿತ್ರ. ೨೦೦೮ರಲ್ಲಿ ಕ್ಯಾಸಿಯೋ ಸಂಸ್ಥೆ ಸೆಕೆಂಡಿಗೆ ಅರುವತ್ತು ಚಿತ್ರ ತೆಗೆಯುವ ಕ್ಯಾಮರಾವೊಂದನ್ನು ಹೊರತಂದಿತು. ಗುಂಡಿಯನ್ನು ಪೂರ್ತಿ ಒತ್ತುವುದಕ್ಕೆ ಮುಂಚಿನಿಂದಲೇ ಅದು ಚಿತ್ರಗಳನ್ನು ತನ್ನ ನೆನಪಿನಲ್ಲಿ ತುಂಬಿಕೊಳ್ಳುತ್ತಿತ್ತು. ಒತ್ತಿದಾಗ ಹಿಂದಿನವನ್ನು ಉಳಿಸಿಕೊಡುತ್ತಿತ್ತು. ೨೦೧೫ರಿಂದ ಆಪಲ್ ಫೋನುಗಳು ಒತ್ತಿದ್ದಕ್ಕೆ ಒಂದೂವರೆ ಸೆಕೆಂಡು ಹಿಂದಿನದನ್ನೂ ಮುಂದಿನದನ್ನೂ ಚಿತ್ರದೊಡನೆ ಇಡತೊಡಗಿದವು. ಕ್ಯಾಮರಾ ತೆರೆದಿದ್ದಷ್ಟು ಹೊತ್ತೂ ಚಿತ್ರಗಳನ್ನು ತುಂಬಿಕೊಳ್ಳುತ್ತಲೇ ಇದ್ದು, ಒತ್ತಿದ ಗಳಿಗೆಯದನ್ನು ಆರಿಸಿಕೊಡುವ ಫೋನುಗಳು ಇಂದು ಎಷ್ಟೋ ಇವೆ. ವಿಳಂಬ ಸೊನ್ನೆಗೆ ಇಳಿದು, ಸೊನ್ನೆಯನ್ನೂ ದಾಟಿ ಹಿಂದಕ್ಕೆ ಹೋಯಿತು. ಜಾನ್ಸೆನ್ ಶುಕ್ರನಿಗಾಗಿ ಮಾಡಿದ್ದನ್ನು ನಾವು ಹುಟ್ಟುಹಬ್ಬಕ್ಕೆ ಮಾಡುತ್ತಿದ್ದೇವೆ: ಎಲ್ಲವನ್ನೂ ಹಿಡಿದಿಡು, ಯಾವುದು ಬೇಕೆಂಬುದನ್ನು ಆಮೇಲೆ ನೋಡಿಕೊಳ್ಳೋಣ.

ಇದರಿಂದ ಕಲೆ ಸತ್ತಿತೆಂದು ಹಲುಬುವುದು ಸಲ್ಲದು. ಹಾರುವ ಮಿಂಚುಳ್ಳಿಯನ್ನು ಕಾದು ಬೇಸತ್ತವನಿಗೆ ಇದು ವರವೇ ಸರಿ. ಆದರೆ ಒಂದು ಕೆಲಸದ ಸ್ಥಳ ಬದಲಾಗಿದೆ, ಅದನ್ನು ಗಮನಿಸಬೇಕು. ಹಿಂದೆ ಆಯ್ಕೆ ಒತ್ತುವುದಕ್ಕೆ ಮುಂಚೆ ನಡೆಯುತ್ತಿತ್ತು. ಈಗ ಒತ್ತಿದ ಮೇಲೆ ನಡೆಯುತ್ತದೆ. ಮೊದಲನೆಯದಕ್ಕೆ ಎದುರಿಗಿರುವ ಮನುಷ್ಯನನ್ನು ಓದಬೇಕಾಗಿತ್ತು. ಇವನು ಇನ್ನೇನು ನಗುತ್ತಾನೆ, ಈಕೆ ಇನ್ನೇನು ತಿರುಗಿ ನೋಡುತ್ತಾಳೆ, ಆ ಮಗು ಇನ್ನೇನು ಜಿಗಿಯುತ್ತದೆ ಎಂದು ತಿಳಿಯುವುದಕ್ಕೆ ಅವರೊಡನೆ ಒಂದಿಷ್ಟು ಹೊತ್ತು ಇರಬೇಕಾಗಿತ್ತು, ಅವರ ಉಸಿರಿನ ಲಯಕ್ಕೆ ನಮ್ಮದನ್ನು ಹೊಂದಿಸಬೇಕಾಗಿತ್ತು. ಎರಡನೆಯದಕ್ಕೆ ಗಾಜಿನ ಪರದೆಯೊಂದಿದ್ದರೆ ಸಾಕು. ಬೆರಳು ತಡವಾಗುತ್ತಿತ್ತೆಂಬ ಕಾರಣಕ್ಕೇ ಮನಸ್ಸು ಮುಂಚೆ ಹೋಗುವುದನ್ನು ಕಲಿತಿತ್ತು. ಯಂತ್ರದ ಕೊರತೆಯೊಂದು ಮನುಷ್ಯನಿಗೆ ಗಮನವನ್ನು ಕಲಿಸಿತ್ತು.

ಕಿನ್ನೆಬ್ರೂಕನ ದಂಡಕ್ಕೆ ಕಾರಣವಾದ ಆ ವಿಳಂಬವನ್ನು ಯಂತ್ರದಿಂದ ನಾವು ಕಡೆಗೂ ತೆಗೆದುಹಾಕಿದ್ದೇವೆ. ನಮ್ಮ ಮೈಯಿಂದ ತೆಗೆದುಹಾಕಿಲ್ಲ, ತೆಗೆಯಲೂ ಬಾರದು. ಇಂದಿನ ಕ್ಯಾಮರಾ ದೇವತೆಗಳಂತೆ ಅನಿಮಿಷವಾಗಿದೆ. ಅದನ್ನು ಹಿಡಿದ ಮನುಷ್ಯನಿಗೆ ಈಗಲೂ ರೆಪ್ಪೆ ಬಡಿಯುತ್ತದೆ. ಎವೆಯಿಕ್ಕದ ಅಷ್ಟು ಜನ ದೇವತೆಗಳನ್ನು ಬಿಟ್ಟು ದಮಯಂತಿ ಮಾಲೆ ಹಾಕಿದ್ದು ಎವೆಯಿಕ್ಕುವವನಿಗೆ.